ಮೊದಲ ಕೆಲಸಕ್ಕೆ ರೆಸ್ಯೂಮ್: ಜಾಹೀರಾತು ಓದುವುದರಿಂದ ಇಮೇಲ್ ಕಳಿಸುವ ತನಕ

ಬಿ.ಕಾಂ ಇರಲಿ, ಡಿಪ್ಲೊಮಾ ಇರಲಿ, ಬಿ.ಇ. ಇರಲಿ, ನಮ್ಮಲ್ಲಿ ಹೆಚ್ಚಿನವರ ಮೊದಲ ರೆಸ್ಯೂಮ್ ಹುಟ್ಟುವುದು ಎರಡೇ ಕಡೆ. ಸೀನಿಯರ್ ಒಬ್ಬರ ಫೈಲ್ ಇಸಕೊಂಡು ಹೆಸರು, ಅಂಕ ಬದಲಾಯಿಸುತ್ತಾರೆ. ಇಲ್ಲವೇ ಸೈಬರ್ ಸೆಂಟರ್‌ನವರ ಬಳಿ ಇರುವ ನಮೂನೆಯನ್ನು ಭರ್ತಿ ಮಾಡಿಸುತ್ತಾರೆ. ಹೀಗಾಗಿ ಒಂದೇ ಕಾಲೇಜಿನ ನಲವತ್ತು ಮಂದಿ ಅರ್ಜಿ ಹಾಕಿದರೆ ನಲವತ್ತೂ ಒಂದೇ ಥರ ಕಾಣುತ್ತವೆ. ಅದರಲ್ಲಿ ಯಾರಿಗೆ ಕೆಲಸ ಬರುತ್ತದೆ ಎಂದು ಓದುವವರಿಗೆ ಗೊತ್ತಾಗುವುದಿಲ್ಲ, ಕೊನೆಗೆ ಅಂಕ ನೋಡಿ ಆರಿಸುತ್ತಾರೆ. ಅಂಕ ಕಡಿಮೆ ಇದ್ದು ಕೆಲಸ ಚೆನ್ನಾಗಿ ಬಲ್ಲವರಿಗೆ ಇದರಿಂದ ಆಗುವ ನಷ್ಟ ದೊಡ್ಡದು.

ರೆಸ್ಯೂಮ್ ಓದುವವರ ತಲೆಯಲ್ಲಿ ಇರುವ ಪ್ರಶ್ನೆ ಒಂದೇ: ನಾವು ಕೇಳಿದ ಕೆಲಸ ಇವರಿಗೆ ಬರುತ್ತದೆಯೇ, ಅದಕ್ಕೆ ಆಧಾರ ಏನು? ಆ ಆಧಾರ ಹಾಳೆಯ ಮೇಲೆ ಕಾಣುವಂತೆ ಮಾಡುವ ಕ್ರಮ ಇಲ್ಲಿದೆ. ಕರ್ನಾಟಕದಲ್ಲಿ ಖಾಸಗಿ ಕೆಲಸ ಹುಡುಕುತ್ತಿರುವ ಹೊಸಬರನ್ನು ಮತ್ತು ಒಂದೆರಡು ವರ್ಷ ಅನುಭವ ಇರುವವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇವೆ.

ಹಂತ 1: ಮೊದಲು ಎಲ್ಲವನ್ನೂ ಒಂದು ಕಡೆ ಬರೆದಿಡಿ

ಒಂದು ಫೈಲ್ ತೆರೆದು ಅದಕ್ಕೆ 'ಮೂಲ' ಎಂದು ಹೆಸರಿಡಿ. ಇದನ್ನು ಯಾರಿಗೂ ಕಳಿಸುವುದಿಲ್ಲ, ಆದ್ದರಿಂದ ನಾಲ್ಕು ಪುಟವಾದರೂ ಚಿಂತೆಯಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿಯ ಅಂಕಪಟ್ಟಿಗಳನ್ನು ಎದುರಿಗಿಟ್ಟುಕೊಂಡು ವರ್ಷ, ಶೇಕಡಾವಾರು, ಶಾಲೆ ಕಾಲೇಜಿನ ಹೆಸರು ಇದ್ದಂತೆಯೇ ಬರೆಯಿರಿ. ನಂತರ ಮಾಡಿದ ಪ್ರಾಜೆಕ್ಟ್, ಇಂಟರ್ನ್‌ಶಿಪ್, ಅಪ್ರೆಂಟಿಸ್ ತರಬೇತಿ, ಕಲಿತ ಸಾಫ್ಟ್‌ವೇರ್, ಯಂತ್ರ, ಎಲ್ಲವನ್ನೂ ತಿಂಗಳು ಮತ್ತು ವರ್ಷದ ಸಮೇತ ಸೇರಿಸಿ.

ಮನೆಯ ಕಿರಾಣಿ ಅಂಗಡಿಯ ಲೆಕ್ಕ ಬರೆದದ್ದು, ಊರಿನ ಹಾಲಿನ ಡೇರಿಯಲ್ಲಿ ಅಳತೆ ದಾಖಲಿಸಿದ್ದು, ಮೆಡಿಕಲ್ ಶಾಪ್‌ನಲ್ಲಿ ಸಂಜೆ ಬಿಲ್ ಹಾಕಿದ್ದು, ಟ್ಯೂಷನ್ ಹೇಳಿದ್ದು, ಇವೂ ಮೂಲ ಫೈಲ್‌ಗೆ ಬರಬೇಕು. 'ಅದೆಲ್ಲ ಕೆಲಸವಾ' ಎಂದು ಬಿಟ್ಟುಬಿಡುವುದು ಹಳ್ಳಿ, ಸಣ್ಣ ಪಟ್ಟಣದಿಂದ ಬಂದವರು ಸಾಮಾನ್ಯವಾಗಿ ಮಾಡುವ ತಪ್ಪು. ದುಡ್ಡು ಎಣಿಸಿ, ಲೆಕ್ಕ ಒಪ್ಪಿಸಿ, ಗಿರಾಕಿಗೆ ಉತ್ತರ ಕೊಟ್ಟ ಅನುಭವ ಯಾವ ಕಂಪನಿಗೂ ಬೇಕಾದದ್ದೇ.

ಹೆಸರಿನ ವಿಷಯವನ್ನು ಈ ಹಂತದಲ್ಲೇ ಬಗೆಹರಿಸಿ. ನಮ್ಮಲ್ಲಿ ಬಹಳ ಮಂದಿಗೆ ಮನೆತನದ ಹೆಸರಿಲ್ಲ, ಇನಿಷಿಯಲ್ ಮಾತ್ರ ಇರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಕಾವ್ಯ ಜಿ. ಎಂ.', ಆಧಾರ್‌ನಲ್ಲಿ 'ಜಿ. ಎಂ. ಕಾವ್ಯ', ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಉದ್ದ ಹೆಸರು, ಹೀಗೆ ಮೂರು ಥರ ಇದ್ದರೆ ಕೆಲಸ ಸಿಕ್ಕ ಮೇಲೆ ದಾಖಲೆ ಪರಿಶೀಲನೆಯಲ್ಲೋ ಪಿಎಫ್ ಖಾತೆ ತೆರೆಯುವಾಗಲೋ ತೊಡಕಾಗುತ್ತದೆ. ರೆಸ್ಯೂಮ್‌ನಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರನ್ನೇ ಬಳಸಿ. ಆನ್‌ಲೈನ್ ಅರ್ಜಿಯಲ್ಲಿ 'ಕೊನೆಯ ಹೆಸರು' ಕಡ್ಡಾಯ ಎಂದಿದ್ದರೆ ಇನಿಷಿಯಲ್ ಅನ್ನೇ ಹಾಕಿ, ಎಲ್ಲ ಕಡೆಯೂ ಅದನ್ನೇ ಪಾಲಿಸಿ.

ಹಂತ 2: ಜಾಹೀರಾತನ್ನು ಪೆನ್ನು ಹಿಡಿದು ಓದಿ

ಉದಾಹರಣೆಗೆ ಒಂದು ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆ ತೆಗೆದುಕೊಳ್ಳೋಣ. ಜಾಹೀರಾತಿನಲ್ಲಿ ಹೀಗಿದೆ ಎಂದುಕೊಳ್ಳಿ: ಟ್ಯಾಲಿ ಪ್ರೈಮ್ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಗೊತ್ತಿರಬೇಕು, ಜಿಎಸ್‌ಟಿ ರಿಟರ್ನ್‌ಗೆ ಸಹಾಯ ಮಾಡಬೇಕು, ಬ್ಯಾಂಕ್ ಲೆಕ್ಕ ತಾಳೆ ನೋಡಬೇಕು, ಎಕ್ಸೆಲ್ ಬರಬೇಕು, ಕನ್ನಡ ಮಾತಾಡಲು ಬರಬೇಕು. ಇಲ್ಲಿ ಐದು ಬೇಡಿಕೆಗಳಿವೆ. ಒಂದೊಂದರ ಎದುರಿಗೂ ನಿಮ್ಮ ಮೂಲ ಫೈಲ್‌ನಿಂದ ಒಂದು ಆಧಾರ ಬರೆಯಿರಿ. ಐದರಲ್ಲಿ ಮೂರಕ್ಕೆ ಆಧಾರ ಸಿಕ್ಕರೆ ಅರ್ಜಿ ಹಾಕಿ. ಒಂದಕ್ಕೂ ಸಿಗದಿದ್ದರೆ ಆ ಹೊತ್ತನ್ನು ಬೇರೆ ಅರ್ಜಿಗೆ ಕೊಡುವುದು ಒಳ್ಳೆಯದು.

ಜಾಹೀರಾತಿನಲ್ಲಿ ಬಳಸಿದ ಪದವನ್ನೇ ನೀವೂ ಬಳಸಿ. ಅವರು 'ಬ್ಯಾಂಕ್ ರಿಕನ್ಸಿಲಿಯೇಷನ್' ಎಂದಿದ್ದರೆ ನೀವು 'ಪಾಸ್‌ಬುಕ್ ಕೆಲಸ' ಎಂದು ಬರೆಯಬೇಡಿ. ದೊಡ್ಡ ಕಂಪನಿಗಳು ಮತ್ತು ನೌಕ್ರಿ, ಲಿಂಕ್ಡ್‌ಇನ್‌ನಂಥ ತಾಣಗಳಲ್ಲಿ ಹುಡುಕಾಟ ನಡೆಯುವುದು ಪದಗಳ ಮೇಲೆ. ಆ ಪದ ನಿಮ್ಮ ಹಾಳೆಯಲ್ಲಿ ಇಲ್ಲದಿದ್ದರೆ ಕೆಲಸ ಬಂದರೂ ಪಟ್ಟಿಯಲ್ಲಿ ನಿಮ್ಮ ಹೆಸರು ಬರದೇ ಹೋಗಬಹುದು.

ಹಂತ 3: ತಲೆಭಾಗ, ಮತ್ತು ಅಲ್ಲಿ ಇರಬಾರದ್ದು

ಮೇಲ್ಗಡೆ ಬೇಕಾದದ್ದು ಇಷ್ಟೇ: ಹೆಸರು, ಯಾವಾಗಲೂ ಚಾಲ್ತಿಯಲ್ಲಿರುವ ಒಂದು ಮೊಬೈಲ್ ನಂಬರ್, ಹೆಸರಿರುವ ಇಮೇಲ್ ವಿಳಾಸ, ಊರು. ಊರಿನ ಮುಂದೆ ಎಲ್ಲಿಗೆ ಬರಲು ಸಿದ್ಧ ಎಂಬುದನ್ನು ಸೇರಿಸಿ: 'ಹಾಸನ, ಬೆಂಗಳೂರಿಗೆ ಬರಲು ಸಿದ್ಧ'. ಇದನ್ನು ಬರೆಯದೆ ಇದ್ದರೆ ಹೊರ ಊರಿನವರು ಎಂದು ಪಕ್ಕಕ್ಕಿಡುವವರಿದ್ದಾರೆ.

ತಂದೆಯ ಹೆಸರು, ಜಾತಿ, ಧರ್ಮ, ಮದುವೆಯಾಗಿದೆಯೋ ಇಲ್ಲವೋ, ಮನೆಯ ಪೂರ್ತಿ ವಿಳಾಸ ಬೇಡ. ಇವು ಬಯೋಡೇಟಾದ ಕಾಲದಿಂದ ಬಂದ ರೂಢಿ. ಸರ್ಕಾರಿ, ಅನುದಾನಿತ ಸಂಸ್ಥೆಗಳ ಅರ್ಜಿಯಲ್ಲಿ ಅವರ ನಮೂನೆ ಏನು ಕೇಳುತ್ತದೋ ಅದನ್ನು ಅದರಂತೆಯೇ ತುಂಬಿ. ಖಾಸಗಿ ಕೆಲಸಕ್ಕೆ ಅದನ್ನೇ ನಕಲು ಮಾಡಬೇಡಿ. 'ಮೇಲೆ ತಿಳಿಸಿದ್ದೆಲ್ಲ ಸತ್ಯವೆಂದು ಘೋಷಿಸುತ್ತೇನೆ' ಎಂಬ ಕೊನೆಯ ಸಾಲು, ಸಹಿ, ಸ್ಥಳ, ದಿನಾಂಕ ಕೂಡ ಬೇಕಿಲ್ಲ. ಮೂರು ನಾಲ್ಕು ಸಾಲು ಜಾಗ ಉಳಿಯುತ್ತದೆ. ಫೋಟೋವನ್ನು ಕೇಳಿದರೆ ಮಾತ್ರ ಹಾಕಿ.

ಆಧಾರ್ ನಂಬರ್, ಪ್ಯಾನ್, ಬ್ಯಾಂಕ್ ವಿವರ ಯಾವ ಕಾರಣಕ್ಕೂ ರೆಸ್ಯೂಮ್‌ನಲ್ಲಿ ಇರಕೂಡದು. ನಿಮ್ಮ ರೆಸ್ಯೂಮ್ ಎಷ್ಟು ಕೈ ದಾಟುತ್ತದೆ ಎಂಬುದು ನಿಮ್ಮ ಹಿಡಿತದಲ್ಲಿಲ್ಲ. ಈ ದಾಖಲೆಗಳು ಬೇಕಾಗುವುದು ಆಫರ್ ಕೈಗೆ ಬಂದ ನಂತರ. ಅದಕ್ಕೂ ಮುಂಚೆ ಕೇಳುವವರನ್ನು, ಅದಕ್ಕಿಂತ ಹೆಚ್ಚಾಗಿ 'ರಿಜಿಸ್ಟ್ರೇಷನ್ ಫೀ', 'ಲ್ಯಾಪ್‌ಟಾಪ್ ಡೆಪಾಸಿಟ್' ಎಂದು ದುಡ್ಡು ಕೇಳುವವರನ್ನು ನಂಬಬೇಡಿ.

ಹಂತ 4: ಆರಂಭದ ಮೂರು ಸಾಲು

'ಸವಾಲಿನ ವಾತಾವರಣದಲ್ಲಿ ನನ್ನ ಕೌಶಲ ಬಳಸಿ ಸಂಸ್ಥೆಯ ಬೆಳವಣಿಗೆಗೆ ಶ್ರಮಿಸುವುದು' ಎಂಬ ಅರ್ಥದ ಇಂಗ್ಲಿಷ್ ಸಾಲು ಎಲ್ಲ ನಮೂನೆಯಲ್ಲೂ ಇದೆ. ಅದನ್ನು ಅಳಿಸಿ. ಆ ಜಾಗದಲ್ಲಿ ನೀವು ಏನು ಓದಿದ್ದೀರಿ, ಯಾವ ಕೆಲಸ ಎಷ್ಟು ಕಾಲ ಮಾಡಿದ್ದೀರಿ, ಯಾವ ಹುದ್ದೆ ಹುಡುಕುತ್ತಿದ್ದೀರಿ ಎಂಬುದನ್ನು ಬರೆಯಿರಿ:

'ಬಿ.ಕಾಂ ಪದವೀಧರೆ (2024). ಲೆಕ್ಕಪರಿಶೋಧಕರ ಕಚೇರಿಯಲ್ಲಿ 6 ತಿಂಗಳು ಟ್ಯಾಲಿ ಪ್ರೈಮ್ ನಮೂದು, ಬ್ಯಾಂಕ್ ತಾಳೆ, ಜಿಎಸ್‌ಟಿ ರಿಟರ್ನ್ ಸಿದ್ಧತೆಯ ಅನುಭವ. ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗೆ ಅರ್ಜಿ.'

ಇದನ್ನು ಕೊನೆಯಲ್ಲಿ ಬರೆಯುವುದು ಸುಲಭ. ಕೆಳಗಿನದೆಲ್ಲ ಸಿದ್ಧವಾದ ಮೇಲೆ ಅದರ ಸಾರ ತಾನಾಗಿ ಸಿಗುತ್ತದೆ.

ಹಂತ 5: ಮಾಡಿದ ಕೆಲಸವನ್ನು ಸಾಲಾಗಿಸುವುದು

ಇಡೀ ಹಾಳೆಯಲ್ಲಿ ಹೆಚ್ಚು ಹೊತ್ತು ಬೇಡುವ ಭಾಗ ಇದು. ನಿಮ್ಮ ಒಟ್ಟು ಸಮಯದಲ್ಲಿ ಅರ್ಧವನ್ನು ಇದಕ್ಕೇ ಕೊಡಿ.

ಪ್ರತಿ ಸಾಲಿನಲ್ಲಿ ನಾಲ್ಕು ಸಂಗತಿ ಇರುವಂತೆ ನೋಡಿಕೊಳ್ಳಿ: ಏನು ಮಾಡಿದಿರಿ, ಯಾವುದರಿಂದ ಮಾಡಿದಿರಿ, ಎಷ್ಟು ಮಾಡಿದಿರಿ, ಅದರಿಂದ ಏನಾಯಿತು. ನಾಲ್ಕನೆಯದು ಎಲ್ಲ ಸಾಲಿಗೂ ಸಿಗುವುದಿಲ್ಲ, ಸಿಗದಿದ್ದರೆ ಬಿಡಿ. ಮೊದಲ ಮೂರು ಇರಲೇಬೇಕು.

ಸಾಮಾನ್ಯವಾಗಿ ಕಾಣುವ ಸಾಲು: 'ಅಕೌಂಟ್ಸ್ ಮತ್ತು ಜಿಎಸ್‌ಟಿ ಕೆಲಸ ನೋಡಿಕೊಳ್ಳುತ್ತಿದ್ದೆ.'

ಅದೇ ಕೆಲಸವನ್ನು ಹೀಗೆ ಬರೆಯಬಹುದು: 'ತಿಂಗಳಿಗೆ ಸುಮಾರು 300 ಖರೀದಿ, ಮಾರಾಟ ಬಿಲ್‌ಗಳನ್ನು ಟ್ಯಾಲಿ ಪ್ರೈಮ್‌ನಲ್ಲಿ ನಮೂದಿಸಿದೆ. ಖರೀದಿ ಪುಸ್ತಕವನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡಿ, ಬಿಟ್ಟುಹೋದ ಬಿಲ್‌ಗಳ ಪಟ್ಟಿಯನ್ನು 3ಬಿ ಸಲ್ಲಿಕೆಗೆ ಮುಂಚೆ ಹಿರಿಯರಿಗೆ ಕೊಡುತ್ತಿದ್ದೆ.'

ಇಲ್ಲಿ 2ಬಿ ಎಂದರೆ ಮಾರಾಟಗಾರರ ರಿಟರ್ನ್‌ಗಳಿಂದ ತಾನಾಗಿ ಸಿದ್ಧವಾಗುವ ಖರೀದಿ ಕ್ರೆಡಿಟ್‌ನ ಪಟ್ಟಿ, 3ಬಿ ಎಂದರೆ ತೆರಿಗೆ ಕಟ್ಟಲು ಸಲ್ಲಿಸುವ ಸಾರಾಂಶ ರಿಟರ್ನ್. ಎರಡನೆಯ ಸಾಲನ್ನು ಓದಿದ ಅಕೌಂಟ್ಸ್ ಮ್ಯಾನೇಜರ್‌ಗೆ ಕೂಡಲೇ ತಿಳಿಯುತ್ತದೆ, ಇವರಿಗೆ 2ಬಿ ಯಾಕೆ ನೋಡಬೇಕು ಎಂಬುದು ಗೊತ್ತಿದೆ ಎಂದು. ಮಾರಾಟಗಾರ ತನ್ನ ರಿಟರ್ನ್‌ನಲ್ಲಿ ಬಿಲ್ ತೋರಿಸದಿದ್ದರೆ ಖರೀದಿದಾರನಿಗೆ ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ. ಕಂಪನಿಗೆ ಅದು ನೇರವಾಗಿ ದುಡ್ಡಿನ ಪ್ರಶ್ನೆ. ಕೆಲಸದ ಒಳಗಿನ ವಿವರ ಬಲ್ಲವರು ಮಾತ್ರ ಬರೆಯಬಲ್ಲ ಇಂಥ ಒಂದು ಸಾಲು 'ಪರಿಶ್ರಮಿ', 'ಬೇಗ ಕಲಿಯುವವನು' ಎಂಬ ಹತ್ತು ವಿಶೇಷಣಗಳಿಗಿಂತ ಹೆಚ್ಚು ತೂಗುತ್ತದೆ.

ಮೆಕ್ಯಾನಿಕಲ್ ಡಿಪ್ಲೊಮಾದವರಿಗೆ: 'ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿ ಕೆಲಸ' ಎನ್ನುವ ಬದಲು, 'ಸಿಎನ್‌ಸಿ ಲೇತ್‌ನಿಂದ ಬಂದ ಶಾಫ್ಟ್‌ಗಳ ವ್ಯಾಸವನ್ನು 0.01 ಮಿ.ಮೀ. ಮೈಕ್ರೋಮೀಟರ್‌ನಲ್ಲಿ ಅಳೆದು, ಪಾಳಿಗೆ 80ರಿಂದ 100 ತುಂಡುಗಳ ತಪಾಸಣಾ ವರದಿ ಸಿದ್ಧಪಡಿಸಿದೆ. ತಿರಸ್ಕೃತ ತುಂಡುಗಳನ್ನು ಕಾರಣದ ಸಮೇತ ಎಕ್ಸೆಲ್‌ನಲ್ಲಿ ದಾಖಲಿಸಿದೆ' ಎಂದು ಬರೆಯಿರಿ. ಐಟಿಐ ಮಾಡಿದವರು ಟ್ರೇಡ್‌ನ ಹೆಸರು, ಎನ್‌ಟಿಸಿ (ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರ), ಅಪ್ರೆಂಟಿಸ್ ಮುಗಿಸಿದ್ದರೆ ಎನ್‌ಎಸಿ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ), ಇವನ್ನು ಸ್ಪಷ್ಟವಾಗಿ ಬರೆಯಬೇಕು. ಕಾರ್ಖಾನೆಯವರು ಮೊದಲು ಹುಡುಕುವುದು ಅದನ್ನೇ.

ಡೇರಿಯ ಕೆಲಸ (ಎಸ್‌ಎನ್‌ಎಫ್ ಎಂದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ): 'ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಬೆಳಿಗ್ಗೆ, ಸಂಜೆ ಎರಡು ಹೊತ್ತು ಹಾಲಿನ ಅಳತೆ, ಫ್ಯಾಟ್ ಮತ್ತು ಎಸ್‌ಎನ್‌ಎಫ್ ದಾಖಲೆ, 120 ಸದಸ್ಯರ ಪಾವತಿ ಪಟ್ಟಿ ತಯಾರಿ.' ಆಹಾರ ಸಂಸ್ಕರಣೆ, ಗೋದಾಮು, ಡೇಟಾ ಎಂಟ್ರಿ, ಇಂಥ ಯಾವ ಹುದ್ದೆಗಾದರೂ ಈ ಸಾಲು ಹೊಂದುತ್ತದೆ.

ಅಂಕಿ ಎಲ್ಲಿಂದ ತರುವುದು? ದಿನಕ್ಕೆ ಎಷ್ಟು ಬಿಲ್, ವಾರಕ್ಕೆ ಎಷ್ಟು ಕರೆ, ತಂಡದಲ್ಲಿ ಎಷ್ಟು ಜನ, ಎಷ್ಟು ತಿಂಗಳು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಖಚಿತ ಸಂಖ್ಯೆ ನೆನಪಿಲ್ಲದಿದ್ದರೆ 'ಸುಮಾರು' ಎಂದು ಬರೆಯುವುದು ಪ್ರಾಮಾಣಿಕ. ಆದರೆ 'ಉತ್ಪಾದಕತೆಯನ್ನು ಶೇ. 35 ಹೆಚ್ಚಿಸಿದೆ' ಎಂದು ಗಾಳಿಯಲ್ಲಿ ತೇಲಿಬಿಡಬೇಡಿ. 'ಅದನ್ನು ಹೇಗೆ ಅಳೆದಿರಿ?' ಎಂಬ ಮರುಪ್ರಶ್ನೆ ಬಂದರೆ ಉತ್ತರ ಇರುವುದಿಲ್ಲ. ಎಐ ಉಪಕರಣಗಳಿಂದ ಬರೆಸಿದಾಗ ಇಂಥ ಶೇಕಡಾವಾರುಗಳು ತಾವಾಗಿ ಸೇರಿಕೊಳ್ಳುತ್ತವೆ. ಇಂಗ್ಲಿಷ್ ತಿದ್ದಲು ಅವುಗಳನ್ನು ಬಳಸಿ, ತಪ್ಪೇನಿಲ್ಲ. ಆದರೆ ಅವು ಕೊಟ್ಟ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ, ಅದರ ಬಗ್ಗೆ ಎರಡು ನಿಮಿಷ ಮಾತಾಡಲು ಆಗದಿದ್ದರೆ ತೆಗೆದುಹಾಕಿ.

ಪ್ರಾಜೆಕ್ಟ್ ಬರೆಯುವಾಗಲೂ ಇದೇ ನಿಯಮ. ನಾಲ್ಕು ಜನರ ತಂಡದ ಪ್ರಾಜೆಕ್ಟ್‌ನಲ್ಲಿ ನಿಮ್ಮ ಪಾಲು ಯಾವುದು ಎಂಬುದೇ ಮುಖ್ಯ. ಶೀರ್ಷಿಕೆ ಒಂದು ಸಾಲು, ನೀವು ಮಾಡಿದ್ದು ಎರಡು ಸಾಲು ಸಾಕು.

ಹಂತ 6: ಓದು, ಅಂಕ

ಕೊನೆಯ ಓದು ಮೊದಲು ಬರಲಿ: ಪದವಿ, ಪಿಯುಸಿ ಅಥವಾ ಡಿಪ್ಲೊಮಾ, ನಂತರ ಎಸ್ಸೆಸ್ಸೆಲ್ಸಿ. ಮೂರು ವರ್ಷಕ್ಕಿಂತ ಹೆಚ್ಚು ಅನುಭವ ಇದ್ದವರು ಓದಿನ ಭಾಗವನ್ನು ಕೆಳಗೆ ಇಳಿಸಬಹುದು. ಹೊಸಬರಿಗೆ ಅದು ಮೇಲೆಯೇ ಇರಲಿ. ಸಿಜಿಪಿಎ ಇದ್ದರೆ '7.4/10' ಎಂದು ಇದ್ದಂತೆ ಬರೆಯಿರಿ. ಶೇಕಡಾಕ್ಕೆ ಬದಲಿಸಲು ಕೇಳಿದಾಗ ನಿಮ್ಮ ವಿಶ್ವವಿದ್ಯಾಲಯ ನಿಮ್ಮ ಬ್ಯಾಚ್‌ಗೆ ಕೊಟ್ಟಿರುವ ಸೂತ್ರವನ್ನೇ ಬಳಸಿ, ಯಾಕೆಂದರೆ ಸೂತ್ರ ಎಲ್ಲ ಕಡೆ ಒಂದೇ ಅಲ್ಲ. 59.6 ಇದ್ದದ್ದನ್ನು 60 ಮಾಡಬೇಡಿ. ಕ್ಯಾಂಪಸ್ ಆಯ್ಕೆಗಳಲ್ಲಿ 'ಎಲ್ಲ ಹಂತದಲ್ಲೂ ಶೇ. 60' ಎಂಬ ಮಿತಿ ಇರುವುದುಂಟು. ಆ ಅರ್ಧ ಅಂಕ ಸೇರಿಸಿ ಆಯ್ಕೆಯಾದವರು ಅಂಕಪಟ್ಟಿ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಆಫರ್ ಹೋಗುತ್ತದೆ.

ಕನ್ನಡ ಮಾಧ್ಯಮ ಎಂದು ಬರೆಯಬೇಕೇ ಎಂದು ಅನೇಕರು ಕೇಳುತ್ತಾರೆ. ಬರೆಯಬೇಕಿಲ್ಲ, ಮುಚ್ಚಿಡುವ ಅಗತ್ಯವೂ ಇಲ್ಲ. ಭಾಷೆಗಳ ಸಾಲಿನಲ್ಲಿ ಯಾವುದನ್ನು ಓದಲು, ಬರೆಯಲು, ಮಾತಾಡಲು ಬರುತ್ತದೆ ಎಂದು ಬೇರೆ ಬೇರೆಯಾಗಿ ಹೇಳಿ. ಬ್ಯಾಂಕಿಂಗ್, ವಿಮೆ, ಆಸ್ಪತ್ರೆ, ಗ್ರಾಹಕ ಸೇವೆಯ ಹುದ್ದೆಗಳಲ್ಲಿ ಕನ್ನಡದ ಜೊತೆ ತುಳು, ಉರ್ದು, ತೆಲುಗು, ಮರಾಠಿ ಗೊತ್ತಿರುವುದು ನಿಜವಾದ ಬಲ.

ಕೌಶಲಗಳನ್ನು ಗುಂಪು ಮಾಡಿ ಬರೆಯಿರಿ: ಸಾಫ್ಟ್‌ವೇರ್, ಯಂತ್ರ ಮತ್ತು ಅಳತೆ ಉಪಕರಣ, ಟೈಪಿಂಗ್. 'ಎಂಎಸ್ ಆಫೀಸ್' ಎಂದಷ್ಟೇ ಬರೆದರೆ ಏನೂ ತಿಳಿಯುವುದಿಲ್ಲ. 'ಎಕ್ಸೆಲ್: ವಿ-ಲುಕಪ್, ಪಿವಟ್ ಟೇಬಲ್' ಎಂದು ಬಿಡಿಸಿ. ಐದಕ್ಕೆ ನಾಲ್ಕು ನಕ್ಷತ್ರ ಕೊಟ್ಟುಕೊಳ್ಳುವ ಚಿತ್ರಗಳನ್ನು ಕಂಪ್ಯೂಟರ್ ಓದುವುದಿಲ್ಲ, ಮನುಷ್ಯರು ನಂಬುವುದಿಲ್ಲ.

ಹಂತ 7: ಖಾಲಿ ಬಿದ್ದ ವರ್ಷಗಳು

ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ, ಕೆಎಎಸ್ ಪರೀಕ್ಷೆಗೆ ಎರಡು ಮೂರು ವರ್ಷ ಓದಿದವರು ನಮ್ಮ ರಾಜ್ಯದಲ್ಲಿ ಬಹಳ. ನೇಮಕಾತಿ ತಡವಾಗುತ್ತದೆ, ವಯಸ್ಸು ಮುಂದೆ ಹೋಗುತ್ತದೆ, ಖಾಸಗಿ ಕೆಲಸಕ್ಕೆ ಬರುವಾಗ ಆ ವರ್ಷಗಳನ್ನು ಹೇಗೆ ತೋರಿಸುವುದು ಎಂಬ ಅಳುಕು ಕಾಡುತ್ತದೆ.

ಅದನ್ನು ಮುಚ್ಚಿಡಬೇಡಿ. ಅನುಭವದ ಭಾಗದಲ್ಲೇ ಒಂದು ಸಾಲು ಹಾಕಿ: 'ಜೂನ್ 2021 – ಆಗಸ್ಟ್ 2023: ರಾಜ್ಯ ಸ್ಪರ್ಧಾತ್ಮಕ ಪರೀಕ್ಷೆಗಳ ಪೂರ್ಣಾವಧಿ ತಯಾರಿ.' ಪೂರ್ವಭಾವಿ ಪರೀಕ್ಷೆ ಪಾಸಾಗಿದ್ದರೆ ಅದನ್ನು ಸೇರಿಸಿ. ಆ ಅವಧಿಯಲ್ಲಿ ಟ್ಯೂಷನ್ ಹೇಳಿದ್ದು, ಕೋಚಿಂಗ್ ಸೆಂಟರ್‌ಗೆ ಪ್ರಶ್ನೆಪತ್ರಿಕೆ ಟೈಪ್ ಮಾಡಿದ್ದು ಇದ್ದರೆ ಹಂತ 5ರ ರೀತಿಯಲ್ಲಿ ಬರೆಯಿರಿ. ಕಳೆದ ಮೂರು ತಿಂಗಳಲ್ಲಿ ಹುದ್ದೆಗೆ ಬೇಕಾದ ಏನನ್ನಾದರೂ ಕಲಿತಿದ್ದರೆ ಅದು ಎದ್ದು ಕಾಣಲಿ. ಓದುವವರ ನಿಜವಾದ ಸಂಶಯ 'ಸರ್ಕಾರಿ ನೇಮಕಾತಿ ಬಂದ ಕೂಡಲೇ ಬಿಟ್ಟು ಹೋಗುತ್ತಾರಾ' ಎಂಬುದು. ಅದಕ್ಕೆ ಉತ್ತರ ರೆಸ್ಯೂಮ್‌ನಲ್ಲಿ ಬೇಡ, ಸಂದರ್ಶನಕ್ಕೆ ಸಿದ್ಧವಾಗಿರಲಿ. ಮನೆಯವರ ಅನಾರೋಗ್ಯ, ಹೆರಿಗೆ, ಕೃಷಿ ನೋಡಿಕೊಂಡದ್ದು, ಇವಕ್ಕೂ ಒಂದೊಂದು ನೇರ ಸಾಲು ಸಾಕು.

ಈ ಅಳುಕನ್ನೇ ಬಂಡವಾಳ ಮಾಡಿಕೊಂಡು, ದುಡ್ಡು ಕೊಟ್ಟರೆ ಎರಡು ವರ್ಷದ ಅನುಭವ ಪತ್ರ ಕೊಡುತ್ತೇವೆ ಎನ್ನುವವರಿದ್ದಾರೆ. ದಯವಿಟ್ಟು ಅತ್ತ ಹೋಗಬೇಡಿ. ಪಿಎಫ್‌ನ ಯುಎಎನ್ ನಂಬರ್ (ಕೆಲಸ ಬದಲಾದರೂ ಬದಲಾಗದ ಸದಸ್ಯ ಸಂಖ್ಯೆ) ಅಡಿಯಲ್ಲಿ ಯಾವ ಸಂಸ್ಥೆಯಲ್ಲಿ ಎಂದಿನಿಂದ ಎಂದಿನವರೆಗೆ ಇದ್ದಿರಿ ಎಂಬುದು ದಾಖಲಾಗಿರುತ್ತದೆ, ಹಿನ್ನೆಲೆ ಪರಿಶೀಲನೆಯಲ್ಲಿ ಅದನ್ನು ಕೇಳುತ್ತಾರೆ. ಸುಳ್ಳು ಹೊರಬೀಳುವುದು ಸಾಮಾನ್ಯವಾಗಿ ಕೆಲಸಕ್ಕೆ ಸೇರಿದ ಮೇಲೆ, ಇದ್ದ ಬೇರೆ ಆಫರ್‌ಗಳನ್ನು ಬಿಟ್ಟಾದ ಮೇಲೆ.

ಹಂತ 8: ಹಾಳೆಯ ರೂಪ

ಹೊಸಬರಿಗೆ ಒಂದೇ ಪುಟ. ಎ4 ಅಳತೆ, ನಾಲ್ಕೂ ಕಡೆ ಸುಮಾರು 2 ಸೆಂ.ಮೀ. ಅಂಚು, ಕ್ಯಾಲಿಬ್ರಿ ಅಥವಾ ಏರಿಯಲ್ ಅಕ್ಷರ, ಒಳಗಿನ ಬರಹ 10.5 ಅಥವಾ 11, ಶೀರ್ಷಿಕೆಗಳು 12, ಹೆಸರು 16. ಬಣ್ಣ ಬೇಕೆಂದರೆ ಶೀರ್ಷಿಕೆಗೆ ಒಂದು ಗಾಢ ಬಣ್ಣ. ತಿಂಗಳು ವರ್ಷ ಬರೆಯುವ ರೀತಿ ಎಲ್ಲ ಕಡೆ ಒಂದೇ ಇರಲಿ.

ಕ್ಯಾನ್ವಾದಲ್ಲಿ ಸಿಗುವ ಎರಡು ಕಾಲಂ ವಿನ್ಯಾಸಗಳು ನೋಡಲು ಚಂದ, ಆದರೆ ಅರ್ಜಿ ಓದುವ ಸಾಫ್ಟ್‌ವೇರ್ ಎಡದ ಸಾಲಿಗೆ ಬಲದ ಸಾಲನ್ನು ಬೆರೆಸಿ ಓದುವ ಅಪಾಯವಿದೆ. ಟೇಬಲ್, ಟೆಕ್ಸ್ಟ್ ಬಾಕ್ಸ್, ಪುಟದ ಹೆಡರ್‌ನಲ್ಲಿ ಇಟ್ಟ ಫೋನ್ ನಂಬರ್, ಇವೂ ಕಳೆದುಹೋಗಬಹುದು. ಪರೀಕ್ಷಿಸುವುದು ಸುಲಭ: ವರ್ಡ್‌ನಿಂದಲೇ ಪಿಡಿಎಫ್ ಆಗಿ ಉಳಿಸಿ, ಅದನ್ನು ತೆರೆದು ಪೂರ್ತಿ ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಸಾಲುಗಳು ಸರಿಯಾದ ಕ್ರಮದಲ್ಲಿ ಬಂದರೆ ಸರಿ. ಏನೂ ಬರದಿದ್ದರೆ ಅದು ಬರೀ ಚಿತ್ರ. ಮುದ್ರಿಸಿದ ಹಾಳೆಯನ್ನು ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿ ಕಳಿಸಿದಾಗ ಆಗುವುದು ಇದೇ.

ಕನ್ನಡದಲ್ಲೇ ರೆಸ್ಯೂಮ್ ಕೇಳುವ ಕಡೆಗಳಿವೆ: ಪತ್ರಿಕೆ, ಪ್ರಕಾಶನ, ಸಹಕಾರ ಸಂಘ, ಕೆಲವು ಸ್ವಯಂಸೇವಾ ಸಂಸ್ಥೆಗಳು. ಅಲ್ಲಿಗೆ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ನಲ್ಲಿ ಮಾಡಿದ ವರ್ಡ್ ಫೈಲ್, ಆ ಫಾಂಟ್ ಇಲ್ಲದ ಮೊಬೈಲ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ನುಡಿ ಮತ್ತು ಯೂನಿಕೋಡ್ ಎರಡರಲ್ಲೂ ಟೈಪ್ ಮಾಡಲು ಬರುವುದಾದರೆ ಕೌಶಲದ ಪಟ್ಟಿಗೆ ಸೇರಿಸಿ.

ಹಂತ 9: ತಪ್ಪು ಹುಡುಕಿ, ಕಳಿಸಿ

ಮುದ್ರಿಸಿ, ಕೆಳಗಿನಿಂದ ಮೇಲಕ್ಕೆ ಒಂದೊಂದು ಸಾಲು ಓದಿ. ಫೋನ್ ನಂಬರ್‌ಗೆ ನೀವೇ ಕರೆ ಮಾಡಿ, ಇಮೇಲ್ ವಿಳಾಸಕ್ಕೆ ನೀವೇ ಒಂದು ಮೇಲ್ ಕಳಿಸಿ ನೋಡಿ. ಬೇರೆಯವರ ಫೈಲ್ ಆಧಾರವಾಗಿಟ್ಟುಕೊಂಡಿದ್ದರೆ ಅವರ ಊರು, ಹವ್ಯಾಸ, ಕಾಲೇಜು ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಿ. ಫೈಲ್‌ನ ಪ್ರಾಪರ್ಟೀಸ್‌ನಲ್ಲಿ ಅವರ ಹೆಸರು ಇನ್ನೂ ಇರಬಹುದು. ಸೈಬರ್ ಸೆಂಟರ್‌ನಲ್ಲಿ ಮಾಡಿಸಿದ್ದರೆ ವರ್ಡ್ ಫೈಲನ್ನೂ ನಿಮ್ಮ ಇಮೇಲ್‌ಗೆ ಕಳಿಸಿಕೊಂಡು, ಅಲ್ಲಿನ ಪ್ರತಿಯನ್ನು ಅಳಿಸಿ ಬನ್ನಿ.

ಫೈಲ್‌ಗೆ 'ರೆಸ್ಯೂಮ್ ಫೈನಲ್ 2' ಎಂಬ ಹೆಸರು ಬೇಡ. ನಿಮ್ಮ ಹೆಸರು ಮತ್ತು ಹುದ್ದೆ ಇರಲಿ. ಇಮೇಲ್‌ನ ವಿಷಯದ ಸಾಲಿನಲ್ಲಿ ಹುದ್ದೆ, ಜಾಹೀರಾತಿನ ಸಂಖ್ಯೆ ಇದ್ದರೆ ಅದು, ನಿಮ್ಮ ಹೆಸರು. ಒಳಗೆ ಐದಾರು ಸಾಲು: ಯಾವ ಹುದ್ದೆ, ಎಲ್ಲಿ ನೋಡಿದಿರಿ, ಅವರ ಬೇಡಿಕೆಗಳಲ್ಲಿ ನಿಮಗೆ ಚೆನ್ನಾಗಿ ಬರುವ ಎರಡು, ಎಂದಿನಿಂದ ಸೇರಬಹುದು. ಏನೂ ಬರೆಯದೆ ಬರೀ ಫೈಲ್ ಕಳಿಸಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಕೇಳಿದರೆ ಫೋಟೋ ಬೇಡ, ಡಾಕ್ಯುಮೆಂಟ್ ಆಗಿ ಪಿಡಿಎಫ್ ಕಳಿಸಿ, ಜೊತೆಗೆ ಒಂದು ಸಾಲಿನ ಪರಿಚಯ ಇರಲಿ.

ಕೊನೆಯದಾಗಿ ಎಕ್ಸೆಲ್‌ನಲ್ಲೋ ನೋಟ್‌ಬುಕ್‌ನಲ್ಲೋ ಐದು ಕಾಲಂ ಹಾಕಿಡಿ: ದಿನಾಂಕ, ಸಂಸ್ಥೆ, ಹುದ್ದೆ, ಕಳಿಸಿದ ಫೈಲ್‌ನ ಹೆಸರು, ಉತ್ತರ. ಒಂದೊಂದು ಹುದ್ದೆಗೆ ಒಂದೊಂದು ರೀತಿ ತಿದ್ದಿರುತ್ತೀರಿ. ಮೂರು ವಾರದ ನಂತರ ಕರೆ ಬಂದಾಗ ಯಾವುದನ್ನು ಕಳಿಸಿದ್ದಿರಿ ಎಂಬುದು ಮರೆತಿರುತ್ತದೆ. ಆಗ 'ಹತ್ತು ನಿಮಿಷ ಬಿಟ್ಟು ನಾನೇ ಕರೆ ಮಾಡಲಾ ಸರ್' ಎಂದು ವಿನಯದಿಂದ ಕೇಳಿ, ಅದೇ ಫೈಲ್ ತೆರೆದಿಟ್ಟುಕೊಂಡು ಮಾತಾಡಿ. ಹತ್ತು ಹದಿನೈದು ಅರ್ಜಿ ಹೋದರೂ ಒಂದೂ ಕರೆ ಬರದಿದ್ದರೆ ಹಂತ 2ಕ್ಕೆ ಮರಳಿ, ಜಾಹೀರಾತಿನ ಪದಗಳು ನಿಮ್ಮ ಹಾಳೆಯಲ್ಲಿ ಇವೆಯೇ ಎಂದು ನೋಡಿ. ಕರೆ ಬಂದು ಸಂದರ್ಶನದಲ್ಲಿ ನಿಲ್ಲುತ್ತಿದ್ದರೆ ಹಂತ 5ರ ಸಾಲುಗಳನ್ನು ಒಂದೊಂದಾಗಿ ತೆಗೆದುಕೊಂಡು, ಅದನ್ನು ವಿವರಿಸುವ ಅಭ್ಯಾಸವನ್ನು ಸ್ನೇಹಿತರೊಬ್ಬರ ಎದುರು ಮಾಡಿ.